ಇಂಜಿನಿಯರಿಂಗ್ ಪದವಿ: ಸಾಲವೆಷ್ಟು, ಸಂಪಾದನೆಯೆಷ್ಟು?

ಎಸ್.ಎಸ್.ಸಿ. ತರಗತಿಯ ನಮ್ಮ ವಿದ್ಯಾರ್ಥಿಗಳನ್ನು "ಮುಂದೆ ಏನಾಗಬೇಕೆಂದಿರುವಿರಿ?" ಎಂದು ಕೇಳಿದರೆ, ಬಹುಮಂದಿಯಿಂದ ಬರುವ ಉತ್ತರ "ಇಂಜಿನಿಯರ್" ಎಂಬುದೇ. ಈ ಹಂಬಲವು ಯೋಗ್ಯವಾದುದು. ಆದರೆ ನಾಲ್ಕು ವರ್ಷಗಳ ಈ ವ್ಯಾಸಂಗಕ್ಕೆ ಬೇಕಾದ ಹಣವು ನಮ್ಮಲ್ಲಿ ಅನೇಕರ ಮನೆಗಳಲ್ಲಿ ಕೂಡಿಟ್ಟಿರುವುದಿಲ್ಲ. ಹೋಟೆಲಿನಲ್ಲಿಯೋ ಕಾರಖಾನೆಯಲ್ಲಿಯೋ ದುಡಿಯುವ ತಂದೆಯು ಬ್ಯಾಂಕಿನ ಸಾಲಪತ್ರಕ್ಕೆ ರುಜು ಹಾಕಬೇಕಾಗುತ್ತದೆ. ವಿದ್ಯಾರ್ಥಿಯೊಡನೆ ತಂದೆಯೋ ತಾಯಿಯೋ ಸಹಸಾಲಗಾರರಾಗುವುದು ಇಂತಹ ಸಾಲಗಳ ಸಾಮಾನ್ಯ ನಿಯಮ. ಕಂತು ತಪ್ಪಿದರೆ ಇಬ್ಬರ ಹೆಸರಿಗೂ ಬಾಧೆ ತಟ್ಟುತ್ತದೆ. ಆದುದರಿಂದ ರುಜು ಹಾಕುವ ಮೊದಲೇ ಲೆಕ್ಕ ಹಾಕಬೇಕು. ಆ ಲೆಕ್ಕವು ನಮ್ಮ ಶಾಲೆಯ ಅಂಕಗಣಿತವನ್ನು ಮೀರಿದುದೇನೂ ಅಲ್ಲ.

ಸಾಲವು ಬೆಳೆಯುವ ಬಗೆ

ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ಒಂದು ಮಾದರಿ ಶಿಕ್ಷಣ ಸಾಲ ಯೋಜನೆಯನ್ನು ಸಿದ್ಧಪಡಿಸಿತು. ಕಾಲಕಾಲಕ್ಕೆ ತಿದ್ದುಪಡಿಯಾಗುತ್ತ ಬಂದಿರುವ ಈ ಯೋಜನೆಯಂತೆ, ವ್ಯಾಸಂಗ ನಡೆದಿರುವಾಗಲೂ ಅದು ಮುಗಿದ ಬಳಿಕ ಒಂದು ವರ್ಷದವರೆಗೂ ಕಂತು ಕಟ್ಟಬೇಕಾಗಿಲ್ಲ. ಇದನ್ನು ಕೇಳಿ, ಐದು ವರ್ಷಗಳ ಕಾಲ ಬಡ್ಡಿಯೇ ಇಲ್ಲವೆಂದು ಕೆಲವರು ಭಾವಿಸುವುದುಂಟು. ಹಾಗಲ್ಲ. ಕಂತಿಗೆ ಬಿಡುವುಂಟು, ಬಡ್ಡಿಗೆ ಬಿಡುವಿಲ್ಲ. ಹಣವು ಬ್ಯಾಂಕಿನಿಂದ ಹೊರಬಿದ್ದ ದಿನದಿಂದಲೇ ಬಡ್ಡಿಯು ಏರತೊಡಗುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಬ್ಬ ವಿದ್ಯಾರ್ಥಿಯು ವರ್ಷಕ್ಕೆ 1,50,000 ರೂಪಾಯಿಯಂತೆ ನಾಲ್ಕು ವರ್ಷಗಳಲ್ಲಿ 6,00,000 ರೂಪಾಯಿ ಸಾಲ ಪಡೆದನೆಂದು ಇಟ್ಟುಕೊಳ್ಳೋಣ. ಬಡ್ಡಿಯ ದರ ನೂರಕ್ಕೆ 10 ಇರಲಿ. ಮೊದಲ ವರ್ಷದ ಹಣಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ಎರಡು ವರ್ಷ ಸರಳಬಡ್ಡಿ ಕೂಡುತ್ತದೆ. ಅದರ ಮೊತ್ತ 75,000, 60,000, 45,000 ಮತ್ತು 30,000. ಒಟ್ಟು 2,10,000 ರೂಪಾಯಿ. ಮೊದಲನೆಯ ಕಂತು ಕಟ್ಟುವ ದಿನ ಸಾಲವು 6,00,000 ಅಲ್ಲ, 8,10,000 ರೂಪಾಯಿ.

ಇದನ್ನು ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 10,704 ರೂಪಾಯಿ. ಒಟ್ಟು ತೆರುವುದು ಸುಮಾರು 12,84,000. ಹದಿನೈದು ವರ್ಷಗಳಿಗೆ ಹಂಚಿದರೆ ಕಂತು ಸುಮಾರು 8,704ಕ್ಕೆ ಇಳಿಯುತ್ತದೆ. ಒಟ್ಟು ತೆರುವುದು ಮಾತ್ರ 15,66,000ವನ್ನು ಮೀರುತ್ತದೆ. ಓದುತ್ತಿರುವಾಗಲೇ ಮನೆಯವರು ಬಡ್ಡಿಯನ್ನಷ್ಟೆ ಕಟ್ಟುತ್ತ ಬಂದರೆ—ಮೊದಲ ವರ್ಷ ತಿಂಗಳಿಗೆ 1,250 ರೂಪಾಯಿ, ನಾಲ್ಕನೆಯ ವರ್ಷಕ್ಕೆ 5,000 ರೂಪಾಯಿ—ಹತ್ತು ವರ್ಷಗಳ ಕಂತು ಸುಮಾರು 7,929ಕ್ಕೆ ನಿಲ್ಲುತ್ತದೆ. ಒಟ್ಟಿನಲ್ಲಿ ಸುಮಾರು 1,23,000 ರೂಪಾಯಿ ಉಳಿಯುತ್ತದೆ.

ಸಂಪಾದನೆಯನ್ನು ಅಳೆಯುವ ಬಗೆ

ಸಾಲದ ಅಂಕಿಗಳು ನಿಶ್ಚಿತವಾದುವು. ಸಂಪಾದನೆಯ ಅಂಕಿಗಳು ಹಾಗಲ್ಲ. ಕಾಲೇಜುಗಳ ಜಾಹೀರಾತುಗಳಲ್ಲಿ "ಅತ್ಯಧಿಕ ಸಂಬಳ", "ಸರಾಸರಿ ಸಂಬಳ" ಎಂಬ ಮಾತುಗಳು ದಪ್ಪಕ್ಷರದಲ್ಲಿ ಕಾಣಿಸಿಕೊಳ್ಳುತ್ತವೆ. ಸರಾಸರಿಯು ಹೇಗೆ ಮೋಸಗೊಳಿಸಬಲ್ಲುದೆಂಬುದನ್ನು ನೋಡೋಣ.

ಹತ್ತು ಮಂದಿ ವಿದ್ಯಾರ್ಥಿಗಳಿರುವರೆಂದು ಊಹಿಸಿರಿ. ಒಬ್ಬನಿಗೆ ವರ್ಷಕ್ಕೆ 24 ಲಕ್ಷ, ಇಬ್ಬರಿಗೆ ತಲಾ 6 ಲಕ್ಷ, ನಾಲ್ವರಿಗೆ ತಲಾ 3 ಲಕ್ಷ 60 ಸಾವಿರ ರೂಪಾಯಿಯ ನೌಕರಿ ಸಿಕ್ಕಿತು. ಉಳಿದ ಮೂವರಿಗೆ ಸಿಕ್ಕಲಿಲ್ಲ. ನೌಕರಿ ಸಿಕ್ಕಿದ ಏಳು ಮಂದಿಯ ಸರಾಸರಿ 7 ಲಕ್ಷ 20 ಸಾವಿರ. ಈ ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಹತ್ತು ಮಂದಿಯಲ್ಲಿ ಒಬ್ಬನಿಗಾದರೂ ದೊರೆತ ಸಂಬಳ ಅದಲ್ಲ! ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವವನ ಸಂಬಳ 3 ಲಕ್ಷ 60 ಸಾವಿರ. ಇದನ್ನೇ ಮಧ್ಯಾಂಕವೆನ್ನುವರು. ಸಾಲ ಮಾಡುವವನು ನೆಚ್ಚಬೇಕಾದುದು ಈ ಮಧ್ಯಾಂಕವನ್ನೇ ಹೊರತು ಸರಾಸರಿಯನ್ನಲ್ಲ.

ಇದನ್ನು ತಿಳಿಯಲು ದಾರಿಯುಂಟು. ಎನ್.ಐ.ಆರ್.ಎಫ್. ಎಂಬ ರಾಷ್ಟ್ರೀಯ ಶ್ರೇಯಾಂಕದಲ್ಲಿ ಭಾಗವಹಿಸುವ ಕಾಲೇಜುಗಳು, ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಸಕಾಲದಲ್ಲಿ ತೇರ್ಗಡೆಯಾದರು, ಎಷ್ಟು ಮಂದಿಗೆ ನೌಕರಿ ದೊರೆಯಿತು, ಅವರ ಸಂಬಳದ ಮಧ್ಯಾಂಕವೆಷ್ಟು ಎಂಬುದನ್ನು ಒಪ್ಪಿಸಬೇಕು. ಆ ವಿವರವನ್ನು ಕಾಲೇಜಿನ ಜಾಲತಾಣದಲ್ಲಿ ನೋಡಬಹುದು. ನೌಕರಿ ಪಡೆದವರ ಸಂಖ್ಯೆಯನ್ನು ಸೇರಿದವರ ಸಂಖ್ಯೆಯೊಡನೆ ಹೋಲಿಸಿರಿ. ಉನ್ನತ ವ್ಯಾಸಂಗಕ್ಕೆ ಹೋದವರನ್ನು ಬೇರೆಯಾಗಿ ಎಣಿಸಿರಿ. ಆಗ ನಿಜಸ್ಥಿತಿಯು ತಿಳಿಯುತ್ತದೆ.

ಇನ್ನೊಂದು ಮಾತು. ವಾರ್ಷಿಕ ಪ್ಯಾಕೇಜು ಎಂಬುದು ಕೈಗೆ ಬರುವ ಹಣವಲ್ಲ. ಭವಿಷ್ಯನಿಧಿ, ಗ್ರಾಚ್ಯುಟಿ, ವೃತ್ತಿ ತೆರಿಗೆ ಮುಂತಾದುವು ಅದರಲ್ಲಿ ಕಳೆಯುತ್ತವೆ. 3 ಲಕ್ಷ 60 ಸಾವಿರದವನಿಗೆ ತಿಂಗಳಿಗೆ 26,000 ರೂಪಾಯಿ ಕೈಗೆ ಬಂದೀತೆಂದು ಹಿಡಿಯೋಣ. ಅದರಲ್ಲಿ 10,704 ಕಂತಿಗೆ ಹೋದರೆ ಉಳಿಯುವುದು 15,296. ಮುಂಬಯಿಯಲ್ಲಿ ತಂದೆತಾಯಿಗಳೊಡನೆ ಇರುವವನು ಇದರಲ್ಲಿ ಹೇಗೋ ತಿಂಗಳು ನೂಕಿಯಾನು. ಬೇರೆ ಊರಿನಲ್ಲಿ ಖೋಲಿಯ ಬಾಡಿಗೆಯನ್ನೂ ಊಟದ ಖರ್ಚನ್ನೂ ತೆರಬೇಕಾದವನಿಗೆ ಇದು ಸಾಲದು. ಸಂಬಳವು ವರ್ಷವರ್ಷವೂ ನೂರಕ್ಕೆ 8ರಂತೆ ಏರಿದರೆ ಐದು ವರ್ಷಗಳಲ್ಲಿ 26,000 ಸುಮಾರು 38,200 ಆಗುತ್ತದೆ, ಬಡ್ಡಿಯ ದರ ಬದಲಾಗದಿದ್ದರೆ ಕಂತು ಇದ್ದಲ್ಲಿಯೇ ಇರುತ್ತದೆ. ಆದುದರಿಂದ ಭಾರವು ಸದಾಕಾಲದ್ದಲ್ಲ. ಮೊದಲ ಕೆಲವು ವರ್ಷಗಳದ್ದು. ಆದರೆ ಕಂತು ತಪ್ಪುವ ಅಪಾಯವು ಹೆಚ್ಚಾಗಿರುವುದೂ ಆ ವರ್ಷಗಳಲ್ಲಿಯೇ.

ಲೆಕ್ಕವನ್ನು ಹಿಂದಿನಿಂದ ಮಾಡಬೇಕು

"ಕಾಲೇಜಿನ ಶುಲ್ಕ ಇಷ್ಟು, ಆದುದರಿಂದ ಸಾಲವೂ ಇಷ್ಟು" ಎಂದು ಹೊರಡುವುದು ವಾಡಿಕೆ. ನಾವು ಹೇಳುವುದು, ಲೆಕ್ಕವನ್ನು ಹಿಂದಿನಿಂದ ಮಾಡಬೇಕೆಂದು. ಕೈಗೆ ಬರುವ ಸಂಬಳದ ಕಾಲುಭಾಗಕ್ಕಿಂತ ಕಂತು ಹೆಚ್ಚಾಗಬಾರದೆಂದು ಒಂದು ಮಿತಿಯನ್ನು ಇಟ್ಟುಕೊಳ್ಳೋಣ. 26,000ದ ಕಾಲುಭಾಗ 6,500. ಮೇಲಿನ ದರದಲ್ಲಿ, ಹತ್ತು ವರ್ಷಗಳ ಅವಧಿಗೆ, ಲಕ್ಷ ರೂಪಾಯಿಗೆ ಕಂತು ಸುಮಾರು 1,322. ಹಾಗಾದರೆ 6,500 ರೂಪಾಯಿಯ ಕಂತು ಸುಮಾರು 4,92,000 ರೂಪಾಯಿಯನ್ನು ತೀರಿಸಬಲ್ಲುದು. ಓದುವಾಗ ಕೂಡಿದ ಬಡ್ಡಿಯನ್ನು ಅದರಿಂದ ಕಳೆದರೆ, ಮೂಲ ಸಾಲವು ಸುಮಾರು 3,64,000ವನ್ನು ಮೀರಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳುತ್ತಾರೆ. ಆ ಹಾಸಿಗೆಯ ಅಳತೆಯೇ ಇದು. 6,00,000ಕ್ಕೆ ಉಳಿದ 2,36,000ವನ್ನು ಸಾಲದಿಂದಲ್ಲ, ಬೇರೆ ದಾರಿಯಿಂದ ತುಂಬಬೇಕು.

ಆ ದಾರಿಗಳು ಯಾವುವು? ಮೊದಲನೆಯದು ವಿದ್ಯಾರ್ಥಿವೇತನ ಮತ್ತು ಶುಲ್ಕ ವಿನಾಯಿತಿ. ಸರ್ ಎಂ. ವಿಶ್ವೇಶ್ವರಯ್ಯನವರು 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ 1883ರಲ್ಲಿ ತೇರ್ಗಡೆಯಾದರು. ನೆರವು ಪಡೆಯುವುದರಲ್ಲಿ ಸಂಕೋಚವೇಕೆ? ಮಹಾರಾಷ್ಟ್ರ ಸರಕಾರವು 2024ರಲ್ಲಿ, ವಾರ್ಷಿಕ ವರಮಾನ 8 ಲಕ್ಷದೊಳಗಿನ ಕುಟುಂಬಗಳ, ಗೊತ್ತುಪಡಿಸಿದ ವರ್ಗಗಳ ವಿದ್ಯಾರ್ಥಿನಿಯರಿಗೆ ವೃತ್ತಿಶಿಕ್ಷಣದ ಬೋಧನಾ ಶುಲ್ಕವನ್ನು ಪೂರ್ಣವಾಗಿ ಮನ್ನಾ ಮಾಡಿತು. ಕೇಂದ್ರ ಸರಕಾರವು ಅದೇ ವರ್ಷ ಒಪ್ಪಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಅಡಮಾನವಿಲ್ಲದೆ ಸಾಲವೂ, 8 ಲಕ್ಷದೊಳಗಿನ ವರಮಾನದವರಲ್ಲಿ ಅರ್ಹರಾದವರಿಗೆ ಬಡ್ಡಿಯಲ್ಲಿ ನೂರಕ್ಕೆ 3ರ ರಿಯಾಯಿತಿಯೂ ಉಂಟು. ಆಡಳಿತ ಮಂಡಳಿಯ ಕೋಟಾದಲ್ಲಿ ಸೇರುವವರಿಗೆ ಇಂತಹ ನೆರವುಗಳು ಸಾಮಾನ್ಯವಾಗಿ ದೊರೆಯುವುದಿಲ್ಲವೆಂಬುದನ್ನು ಮರೆಯಬಾರದು.

ಎರಡನೆಯದು ಡಿಪ್ಲೊಮಾದ ದಾರಿ. ಎಸ್.ಎಸ್.ಸಿ. ಬಳಿಕ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಎರಡು ಮತ್ತು ನಾಲ್ಕು ಕೂಡಿದರೆ ಆರು. ಮೂರು ಮತ್ತು ಮೂರು ಕೂಡಿದರೂ ಆರೇ! ಕಾಲವು ಹೆಚ್ಚಾಗದು, ಪದವಿಯ ಶುಲ್ಕದಲ್ಲಿ ಒಂದು ವರ್ಷ ಉಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿಯೇ ಮೂರು ವರ್ಷಕ್ಕೆ 4,50,000 ಸಾಲ ಮಾಡಿದರೆ, ಕಂತು 10,704ರಿಂದ ಸುಮಾರು 7,731ಕ್ಕೆ ಇಳಿಯುತ್ತದೆ. ಡಿಪ್ಲೊಮಾದ ಖರ್ಚನ್ನು ಬೇರೆಯಾಗಿ ನೋಡಿಕೊಳ್ಳಬೇಕು, ನಿಜ. ಆದರೆ ನಡುವೆ ಮನೆಯ ಪರಿಸ್ಥಿತಿ ಕೆಟ್ಟರೆ ಕೈಯಲ್ಲಿ ಒಂದು ವಿದ್ಯೆಯಿರುತ್ತದೆ. ಅರ್ಧಕ್ಕೆ ಬಿಟ್ಟ ಪದವಿಯಿಂದ ಸಂಬಳ ಬಾರದು, ಆದರೆ ಅದರ ಸಾಲವು ತೀರಲೇಬೇಕು.

ಸಾಲಕ್ಕೆ ಅಂಜಿ ಓದನ್ನೇ ಬಿಡಬೇಕೆಂಬುದು ಈ ಲೇಖನದ ತಾತ್ಪರ್ಯವಲ್ಲ. ತಕ್ಕಷ್ಟು ಸಾಲದಿಂದ ಒಳ್ಳೆಯ ಕಾಲೇಜಿನಲ್ಲಿ ಓದಿ ಮನೆಯನ್ನು ಮೇಲೆತ್ತಿದವರು ಎಷ್ಟೋ ಮಂದಿ. ಆದರೆ ಸೇರಬೇಕೆಂದಿರುವ ಪ್ರತಿಯೊಂದು ಕಾಲೇಜಿಗೂ ಮೂರು ಅಂಕಿಗಳನ್ನು ಕಾಗದದ ಮೇಲೆ ಬರೆಯಿರಿ: ಕಂತು ಆರಂಭವಾಗುವ ದಿನದ ಸಾಲ, ತಿಂಗಳ ಕಂತು, ಸಂಬಳದ ಮಧ್ಯಾಂಕ. ಅದನ್ನು ತಂದೆತಾಯಿಗಳ ಮುಂದಿಟ್ಟು ಅವರಿಗೆ ತಿಳಿಯುವಂತೆ ಕನ್ನಡದಲ್ಲಿ ವಿವರಿಸಿರಿ. ರುಜು ಹಾಕುವವರು ಅವರು. ಏನಕ್ಕೆ ರುಜು ಹಾಕುತ್ತಿರುವೆವೆಂಬುದು ಅವರಿಗೂ ತಿಳಿದಿರಬೇಕು.