ಖರ್ಚಿನ ಕಾಲಂ ಇಲ್ಲದ ನೋಟ್‌ಬುಕ್

ಪ್ರೀತಿಯ ಪುಟ್ಟಾ,

ಕೆಲಸ ಬಿಟ್ಟು ಪಣಜಿಯಲ್ಲೇ ರೂಮು ಮಾಡಿ ಪೋಕರ್ ಆಡಿಕೊಂಡು ಬದುಕುತ್ತೇನೆ ಎಂದು ನೀನು ಹೇಳಿದ ದಿನದಿಂದ ನಿಮ್ಮಮ್ಮ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಆರನೇ ಕ್ಲಾಸಿನಲ್ಲಿ ನಿನ್ನ ಕೈಗೆ ಇಸ್ಪೀಟು ಕೊಟ್ಟು ರಮ್ಮಿ ಕಲಿಸಿದವನು ನಾನೇ ತಾನೇ.

‘ಇದು ಜೂಜಲ್ಲ ಮಾವ, ಕೌಶಲದ ಆಟ’ ಅಂದೆಯಲ್ಲ, ಅದಕ್ಕೆ ನನ್ನ ತಕರಾರಿಲ್ಲ. ರಮ್ಮಿಯ ಬಗ್ಗೆ ಸುಪ್ರೀಂ ಕೋರ್ಟ್ 1967ರಲ್ಲೇ ಹಾಗೆ ಹೇಳಿದೆ. ಆದರೆ ಎದುರಾಳಿಯ ರಾಜನ ಜೋಡಿಗೆ ಎಕ್ಕದ ಜೋಡಿ ಹಿಡಿದು ಇದ್ದದ್ದೆಲ್ಲ ಕಟ್ಟಿದರೂ ಐದರಲ್ಲಿ ಸುಮಾರು ಒಂದು ಸಲ ಸೋಲುತ್ತೇವೆ ಎಂದು ಹೇಳಿಕೊಟ್ಟವನೂ ನೀನೇ. ನನಗೆ ಅಂಥದ್ದಾದರೆ ಕ್ಲಬ್ಬಿನಲ್ಲಿ ವಾರವಿಡೀ ಹೇಳಿಕೊಂಡು ನಗುತ್ತೇನೆ. ಒಂದನೇ ತಾರೀಖು ಬಾಡಿಗೆ ಕಟ್ಟಬೇಕಾದ ನೀನು ಯಾರ ಹತ್ತಿರ ಹೇಳಿಕೊಳ್ಳುತ್ತೀ?

ಡಿಸೆಂಬರಿನಲ್ಲಿ ನಿನ್ನ ಜೊತೆ ಮಾಂಡೋವಿ ನದಿಯ ಕ್ಯಾಸಿನೊ ಹಡಗು ಹತ್ತಿ ದೂರ ನಿಂತು ನೋಡಿದೆನಲ್ಲ. (ಗೋವಾದವರಿಗೇ ಅಲ್ಲಿ ಪ್ರವೇಶವಿಲ್ಲವಂತೆ, ನಮ್ಮಂಥ ಹೊರಗಿನವರಿಗೆ ಮಾತ್ರ ಸ್ವಾಗತ. ಜಾಣರು.) ನಲವತ್ತು ನಿಮಿಷ ನೀನು ಎಲೆಯ ತುದಿ ಎತ್ತಿ ನೋಡುವುದು, ಎಸೆಯುವುದು, ಇಷ್ಟೇ. ಎದುರಿಗೆ ಒಬ್ಬ ಜವಳಿ ವ್ಯಾಪಾರಿ. ಬಂದ ಕೈಯನ್ನೆಲ್ಲ ಆಡುತ್ತಿದ್ದ, ಸೋತರೂ ತೊಡೆ ತಟ್ಟಿ ನಗುತ್ತಿದ್ದ. ರಾತ್ರಿ ಎರಡಕ್ಕೆ ಎಲ್ಲರ ಕೈ ಕುಲುಕಿ ಎದ್ದು ಹೋದ. ಹತ್ತು ನಿಮಿಷದೊಳಗೆ ನೀನೂ ಸೇರಿ ನಾಲ್ವರು ಎದ್ದಿರಿ, ಟೇಬಲ್ಲೇ ಖಾಲಿ. ಅಷ್ಟು ಹೊತ್ತೂ ಆಟ ಆಡಿದವನು ಅವನೊಬ್ಬನೇ ಕಣೋ, ನೀವೆಲ್ಲ ಅವನನ್ನು ಕಾಯುತ್ತಾ ಡ್ಯೂಟಿ ಮಾಡಿದಿರಿ. ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವನಿಗೆ ಡ್ಯೂಟಿಯ ಮುಖ ದೂರದಿಂದಲೇ ಗೊತ್ತಾಗುತ್ತದೆ. ಆಫೀಸು ಬೇಜಾರು ಎಂದು ಅದಕ್ಕಿಂತ ಬೇಜಾರಿನ ಕೆಲಸ ಹಿಡಿಯಲು ಹೊರಟಿದ್ದೀಯ. ಪಿಎಫ್ ಇಲ್ಲ, ರಾತ್ರಿ ಪಾಳಿ ಬೇರೆ.

ಇನ್ನು ನಿನ್ನ ಲೆಕ್ಕದ ನೋಟ್‌ಬುಕ್. ಹದಿನಾಲ್ಕು ವಾರಾಂತ್ಯ, 140 ಗಂಟೆ, 100-200ರ ಪಣದ ಟೇಬಲ್ಲು, ಗೆಲುವು 1,12,000 ರೂಪಾಯಿ. ಗಂಟೆಗೆ 800, ಚೆನ್ನಾಗಿದೆ. ಆದರೆ ಡೀಲರ್ ಕೂತು ಎಲೆ ಹಂಚುವ ಕಡೆ ಗಂಟೆಗೆ ಮೂವತ್ತು ಕೈ ಆದರೆ ಹೆಚ್ಚು. ಅಂದರೆ ನೀನು ನೋಡಿದ್ದು 4,200 ಕೈ. ಆನ್‌ಲೈನ್ ದುಡ್ಡಿನ ಆಟ ನಿಷೇಧಿಸಿದ 2025ರ ಕಾನೂನು ಬರುವ ಮುಂಚೆ ಆನ್‌ಲೈನಿನಲ್ಲಿ ನಾಲ್ಕು ಟೇಬಲ್ ತೆರೆದುಕೊಂಡು ಕೂರುತ್ತಿದ್ದವರು ಅಷ್ಟನ್ನು ಎರಡು ದಿನದಲ್ಲಿ ಮುಗಿಸುತ್ತಿದ್ದರು. ಇಷ್ಟು ಕಡಿಮೆ ಆಟದಲ್ಲಿ ಲಕ್ಷ ರೂಪಾಯಿ ಆಚೆ ಈಚೆ ಆಗಲು ಅದೃಷ್ಟವೊಂದೇ ಸಾಕು. ನಿನ್ನ ಬುದ್ಧಿಯದೆಷ್ಟು, ಎಲೆಯ ದಯೆಯೆಷ್ಟು ಎಂದು ಬಿಡಿಸಿ ಹೇಳಲು ಸಾವಿರ ಗಂಟೆಯೂ ಸಾಲದು.

ಅದಿರಲಿ, ಖರ್ಚಿನ ಕಾಲಂ ಎಲ್ಲಿ ಮಾರಾಯ? ಬಸ್ಸು, ರೂಮು, ಊಟ, ಹಡಗಿನ ಟಿಕೆಟ್ಟು ಎಂದು ಒಂದು ಸಲಕ್ಕೆ ಆರು ಸಾವಿರ ಹಿಡಿದರೂ 84,000. ಉಳಿಯುವುದು 28,000. ಇಸ್ಪೀಟಿನ ಗೆಲುವಿಗೆ ನಮ್ಮಲ್ಲಿ ತೆರಿಗೆ ಶೇ 30, ಅದರಲ್ಲಿ ಬಸ್ಸು-ರೂಮಿನ ಖರ್ಚು ಕಳೆಯಲು ಕಾನೂನು ಬಿಡುವುದಿಲ್ಲ. 1,12,000ಕ್ಕೆ 33,600. ನಿನ್ನ ಕೈಲಿರುವುದು ಎಷ್ಟು ಅಂದೆ?

ಆಡಬೇಡ ಅನ್ನಲು ನನಗೆ ಬಾಯಿಲ್ಲ. ತಿಂಗಳಿಗೊಮ್ಮೆ ಹೋಗು, ಆ ಜವಳಿಯವನ ಹಾಗೆ ನಗುತ್ತಾ ಆಡು, ಅವನಷ್ಟು ಸೋಲಬೇಡ. ರಾಜೀನಾಮೆ ಪತ್ರ ಮಾತ್ರ ಇನ್ನೂ ಕಳಿಸಬೇಡ. ಭಾನುವಾರ ಊಟಕ್ಕೆ ಬಾ, ಅತ್ತೆ ಹೋಳಿಗೆ ಮಾಡುತ್ತಾಳೆ. ನೋಟ್‌ಬುಕ್ ಮರೆಯದೆ ತಾ, ಸ್ಕೇಲು ನನ್ನ ಹತ್ತಿರ ಇದೆ.

ನಿನ್ನ ಪ್ರೀತಿಯ,
ಮಾವ