ಉಗುಳಿನೊಳಗಿನ ಕಾವಲುಗಾರ



ಉಗುಳು ಅಂದರೆ ಎಲ್ಲರೂ ಮುಖ ಸಿಂಡರಿಸುತ್ತೇವೆ. ಆದರೆ ನಮ್ಮ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಉಗುಳು ಊರುತ್ತದೆ. ನೂರಕ್ಕೆ 99 ಪಾಲು ಬರೀ ನೀರು. ಉಳಿದ ಒಂದು ಪಾಲಿನಲ್ಲೇ ಇರುವುದು ಮಜಾ. ಅನ್ನ ಅಗಿಯುತ್ತಾ ಇದ್ದರೆ ಸಿಹಿಯಾಗುವುದು ಪಾಠದಲ್ಲೇ ಇದೆ, ಅದು ಬಿಡಿ. ನಾನು ಹೇಳುವುದು ಲೈಸೋಜೈಮ್ ಎಂಬ ಪ್ರೋಟೀನಿನ ಬಗ್ಗೆ.

ಇದನ್ನು ಕಂಡುಹಿಡಿದವರು ಅಲೆಕ್ಸಾಂಡರ್ ಫ್ಲೆಮಿಂಗ್. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದರಲ್ಲ, ಅವರೇ! ಇದು ಅದಕ್ಕೂ ಮೊದಲಿನ ಕಥೆ. 1921ರಲ್ಲಿ ಲಂಡನ್ನಿನಲ್ಲಿ ಅವರಿಗೆ ನೆಗಡಿಯಾಗಿತ್ತು. ತಮ್ಮ ಸಿಂಬಳವನ್ನೇ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಹಾಕಿಟ್ಟರು. (ನಾವಾಗಿದ್ದರೆ ಅಂಗಿ ತೋಳಿಗೆ ಒರೆಸಿಕೊಳ್ಳುತ್ತಿದ್ದೆವು.) ಸ್ವಲ್ಪ ದಿನ ಬಿಟ್ಟು ನೋಡಿದರೆ ಸಿಂಬಳದ ಹತ್ತಿರದ ಬ್ಯಾಕ್ಟೀರಿಯಾಗಳು ಕರಗಿಹೋಗಿದ್ದವು! ಆಮೇಲೆ ಕಣ್ಣೀರು, ಉಗುಳು, ಮೊಟ್ಟೆಯ ಬಿಳಿ ಲೋಳೆ ಎಲ್ಲದರಲ್ಲೂ ಅದೇ ವಸ್ತು ಸಿಕ್ಕಿತು. ಪರೀಕ್ಷೆಗೆ ಕಣ್ಣೀರು ಬೇಕೆಂದು ಕಣ್ಣಿಗೆ ನಿಂಬೆ ಸಿಪ್ಪೆ ಹಿಂಡಿಸುತ್ತಿದ್ದರಂತೆ, ಪಾಪ. 1922ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು.

ಇದು ಕೆಲಸ ಮಾಡುವುದು ಹೇಗೆ? ಬ್ಯಾಕ್ಟೀರಿಯಾದ ಸುತ್ತ ಒಂದು ಗೋಡೆ ಇರುತ್ತದೆ. ಲೈಸೋಜೈಮ್ ಆ ಗೋಡೆಯ ಕೊಂಡಿಗಳನ್ನು ಕತ್ತರಿಸುತ್ತದೆ. ಒಳಗೆ ನೀರು ನುಗ್ಗಿ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ಜೊತೆಗೆ ಲ್ಯಾಕ್ಟೋಫೆರಿನ್ ಎಂಬ ಇನ್ನೊಂದು ಪ್ರೋಟೀನು ರೋಗಾಣುಗಳಿಗೆ ಬೇಕಾದ ಕಬ್ಬಿಣದ ಅಂಶ ಸಿಗದಂತೆ ಹಿಡಿದಿಡುತ್ತದೆ. ಹಿಸ್ಟಾಟಿನ್ ಬೂಷ್ಟಿನ ಜಾತಿಯ ರೋಗಾಣುಗಳನ್ನು ಕೊಲ್ಲುತ್ತದೆ.

ಹಾಗಾದರೆ ನಮ್ಮ ಹಲ್ಲು ಯಾಕೆ ಹುಳುಕಾಗುತ್ತದೆ? ನಾನೂ ಇದನ್ನೇ ಕೇಳಿದೆ. ಎಲ್ಲಾ ಬ್ಯಾಕ್ಟೀರಿಯಾಗಳೂ ಇದಕ್ಕೆ ಬಗ್ಗುವುದಿಲ್ಲ. ಕೆಲವು ಹಲ್ಲಿನ ಮೇಲೆ ಅಂಟು ಪದರ ಕಟ್ಟಿಕೊಂಡು ಒಳಗೆ ಅಡಗುತ್ತವೆ. ನಾವು ತಿಂದ ಬೆಲ್ಲ, ಪೆಪ್ಪರಮೆಂಟನ್ನು ಆಮ್ಲ ಮಾಡಿ ಹಲ್ಲು ಕರಗಿಸುತ್ತವೆ. ಆ ಪದರವನ್ನು ಉಜ್ಜಿಯೇ ತೆಗೆಯಬೇಕು.

ಇದನ್ನೆಲ್ಲಾ ನಾನು ತಿಳಿದುಕೊಂಡದ್ದು ನಮ್ಮ ಅಜ್ಜಿಯ ದೆಸೆಯಿಂದ. ಅಜ್ಜಿಗೆ ಬಾಯಿ ಒಣಗಿ, ನಾಲಿಗೆ ಮೇಲೆ ಬಿಳಿ ಪೊರೆ ಬಂದು, ಖಾರ ಮುಟ್ಟಿದರೆ ಕಣ್ಣಲ್ಲಿ ನೀರು. ಡಾಕ್ಟರು ನೋಡಿ, ಮಾತ್ರೆಯಿಂದ ಉಗುಳು ಕಡಿಮೆಯಾಗಿದೆ, ಕಾಯುವವರೇ ಇಲ್ಲದಂತಾಗಿದೆ ಅಂದರು. ಇಂಥವರಿಗಾಗಿ ಮೊಟ್ಟೆಯ ಲೈಸೋಜೈಮ್, ಹಾಲಿನ ಲ್ಯಾಕ್ಟೋಫೆರಿನ್ ಸೇರಿಸಿದ ಟೂತ್‌ಪೇಸ್ಟು, ಬಾಯಿಗೆ ಸವರುವ ಜೆಲ್ಲು ಮಾಡಿದ್ದಾರೆ. ಕೆಲವರಿಗೆ ಹಾಯೆನಿಸುತ್ತದೆ. ಆದರೆ ಸವರಿದ್ದು ಸ್ವಲ್ಪ ಹೊತ್ತಿಗೆ ನುಂಗಿಹೋಗುತ್ತದೆ, ಉಗುಳಾದರೆ ಊರುತ್ತಲೇ ಇರುತ್ತದೆ.

ಡಾಕ್ಟರು ಅಜ್ಜಿಯ ಮಾತ್ರೆ ಬದಲಿಸಿ, ಪೊರೆಗೆ ಬೇರೆ ಔಷಧಿ ಕೊಟ್ಟರು. ಪಕ್ಕದಲ್ಲಿ ಸದಾ ಒಂದು ಚೊಂಬು ನೀರು ಇಟ್ಟಿರುತ್ತೇವೆ. ನಿನ್ನೆ ಚಟ್ನಿಪುಡಿ ಹಚ್ಚಿಕೊಂಡು ಅರ್ಧ ರೊಟ್ಟಿ ತಿಂದಳು.

— 7ನೇ ತರಗತಿ