ಕ್ವಿಕ್‌ಸಿಲ್ವರ್ ಎಂಬ ಹಳೆಯ ಹೆಸರು

ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ಓದುವ ವಿದ್ಯಾರ್ಥಿಗಳಿಗೆ ‘ಕ್ವಿಕ್‌ಸಿಲ್ವರ್’ ಎಂಬ ಶಬ್ದವು ಒಮ್ಮೊಮ್ಮೆ ಎದುರಾಗುವುದುಂಟು. ನಾವು ಪಾದರಸವೆಂದು ಕರೆಯುವ, ಇಂದಿನ ಇಂಗ್ಲಿಷ್ ಗ್ರಂಥಗಳು ‘ಮರ್ಕ್ಯುರಿ’ ಎನ್ನುವ ಲೋಹಕ್ಕೆ ಅದು ಹಿಂದಿನವರಿಟ್ಟ ಹೆಸರು. ‘ಸಿಲ್ವರ್’ ಎಂದರೆ ಬೆಳ್ಳಿ, ‘ಕ್ವಿಕ್’ ಎಂದರೆ ವೇಗವುಳ್ಳದ್ದು. ಆದುದರಿಂದ ಇದು ವೇಗವಾಗಿ ಓಡುವ ಬೆಳ್ಳಿಯಲ್ಲವೆ ಎಂದು ಯಾರಿಗಾದರೂ ತೋರೀತು. ಆದರೆ ಈ ಶಬ್ದದ ಮೂಲಾರ್ಥ ಅದಲ್ಲ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಕ್ವಿಕ್’ ಎಂದರೆ ಜೀವವುಳ್ಳದ್ದು ಎಂದರ್ಥ. ಜೀವವಿದ್ದದ್ದು ಚಲಿಸುತ್ತದೆ, ಚುರುಕಾಗಿರುತ್ತದೆ; ಈ ದಾರಿಯಲ್ಲಿಯೇ ವೇಗವೆಂಬ ಅರ್ಥವು ಅನಂತರ ಪ್ರಾಪ್ತವಾಯಿತು. ರೋಮನರು ಪಾದರಸವನ್ನು ‘ಅರ್ಜೆಂಟಮ್ ವೀವಮ್’, ಎಂದರೆ ಜೀವಂತ ಬೆಳ್ಳಿ, ಎಂದು ಕರೆದಿದ್ದರು. ಇಂಗ್ಲಿಷ್ ಹೆಸರು ಅದರ ಭಾಷಾಂತರ. ನೀರು ಬಿದ್ದೊಡನೆ ಕೊತಕೊತನೆ ಕುದಿಯುವ ಸುಟ್ಟ ಸುಣ್ಣಕ್ಕೆ ‘ಕ್ವಿಕ್‌ಲೈಮ್’ ಎಂಬ ಹೆಸರು ಬಂದುದೂ, ಉಗುರಿನ ಬುಡದ ನೋವರಿಯುವ ಮಾಂಸಕ್ಕೆ ‘ಕ್ವಿಕ್’ ಎನ್ನುವುದೂ ಇದೇ ಅರ್ಥದಿಂದ.

ಇನ್ನೊಂದು ಸ್ವಾರಸ್ಯವುಂಟು. ಇಂಗ್ಲಿಷಿನ ‘ಕ್ವಿಕ್’, ಲ್ಯಾಟಿನ್ನಿನ ‘ವೀವಸ್’, ‘ಬಯಾಲಜಿ’ಯಲ್ಲಿ ಅಡಗಿರುವ ಗ್ರೀಕಿನ ‘ಬಿಯಾಸ್’, ಸಂಸ್ಕೃತದ ‘ಜೀವ’ ಇವೆಲ್ಲವೂ ಒಂದೇ ಪುರಾತನ ಧಾತುವಿನಿಂದ ಕವಲೊಡೆದವು. ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಜೀವ’ವನ್ನು ನಾವು ದಿನವೂ ಬಳಸುತ್ತಿದ್ದೇವೆ. ಹೀಗೆ ದೂರದ ಕ್ವಿಕ್‌ಸಿಲ್ವರಿನ ಅರ್ಧಭಾಗ ನಮ್ಮ ನಾಲಗೆಗೆ ಪರಿಚಿತವೇ ಆಗಿದೆ.

ಹಿಂದಿನವರು ಈ ಲೋಹದಲ್ಲಿ ಜೀವವನ್ನು ಕಂಡುದರಲ್ಲಿ ಆಶ್ಚರ್ಯವಿಲ್ಲ. ಸೊನ್ನೆಗಿಂತ ಸುಮಾರು 39 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವವರೆಗೂ ಅದು ದ್ರವವಾಗಿಯೇ ಇರುತ್ತದೆ. ನೀರಿಗಿಂತ 13.6ರಷ್ಟು ಸಾಂದ್ರವಾಗಿದ್ದರೂ, ನೆಲಕ್ಕೆ ಬಿದ್ದರೆ ಗುಂಡುಗುಂಡಾಗಿ ಒಡೆದು ಓಡುತ್ತದೆ. ಚುರುಕಾದ ಮಗುವನ್ನು ನಾವೂ ಪಾದರಸಕ್ಕೆ ಹೋಲಿಸುವೆವಷ್ಟೆ!

ಆದರೆ ಹೆಸರಿನಲ್ಲಿರುವ ಜೀವವು ವಸ್ತುವಿನಲ್ಲಿಲ್ಲ. ಪಾದರಸವು ಸಾಮಾನ್ಯ ಉಷ್ಣತೆಯಲ್ಲಿಯೂ ಕಣ್ಣಿಗೆ ಕಾಣದ ಆವಿಯಾಗುತ್ತದೆ. ಆ ಆವಿಯು ನರಮಂಡಲಕ್ಕೂ ಮೂತ್ರಪಿಂಡಗಳಿಗೂ ವಿಷ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಗುರುತಿಸಲ್ಪಟ್ಟ ಭೀಕರ ವ್ಯಾಧಿಗೆ, ಕಾರ್ಖಾನೆಯ ತ್ಯಾಜ್ಯದಿಂದ ಮೀನುಗಳನ್ನು ಸೇರಿದ ಪಾದರಸದ ಸಂಯುಕ್ತವೇ ಕಾರಣವಾಗಿತ್ತು. ಪಾದರಸದ ಬಳಕೆಯನ್ನು ತಗ್ಗಿಸಲು 2013ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಒಪ್ಪಂದವು ಆ ಊರಿನ ಹೆಸರನ್ನೇ ಹೊತ್ತಿದೆ.

ಆದುದರಿಂದ ಹಳೆಯ ಉಷ್ಣಮಾಪಕವೊಂದು ಒಡೆದು ಬೆಳ್ಳಿಯ ಹನಿಗಳು ನೆಲದ ಮೇಲೆ ಓಡಿದರೆ, ಅವನ್ನು ಕೈಯಿಂದ ಮುಟ್ಟದೆ, ಕಿಟಕಿಗಳನ್ನು ತೆರೆದು ದೂರ ಸರಿದು ಹಿರಿಯರಿಗೆ ತಿಳಿಸಬೇಕು. ಶಬ್ದದ ಚರಿತ್ರೆಯನ್ನು ನಿಘಂಟು ಹೇಳೀತು. ವಸ್ತುವಿನ ಗುಣವನ್ನು ಹೇಳಬಲ್ಲುದು ಪರೀಕ್ಷೆಯೊಂದೇ.